ಮೀನು ಹಾಲುಬಣ್ಣಕ್ಕೆ ತಿರುಗುವ ತನಕ

ಮಾರಿಕಣಿವೆಗೆ ಕಟ್ಟೆ ಕಟ್ಟುತ್ತಿದ್ದ ಕಾಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಗಟ್ಟಿಮೈಯ ಗಂಡಸರು ಕಲ್ಲು ಹೊರುವ ಕೂಲಿಗೆಂದು ಗುಂಪುಗುಂಪಾಗಿ ಅತ್ತ ನಡೆಯುತ್ತಿದ್ದರು. ದೇವಸಮುದ್ರದ ಕಡೆಯ ಒಂದು ಸಣ್ಣ ಹಟ್ಟಿಯ ಯರ್ರಪ್ಪ ಮಾತ್ರ ಹೋಗಲಿಲ್ಲ. "ಕೆರೆ ಕಣ್ಣಿಗೆ ಬೀಳದಿದ್ರೆ ನನಗೆ ನಿದ್ದೆ ಹತ್ತಲ್ಲ" ಎಂದುಬಿಟ್ಟ. ಎರಡು ತುಂಡು ನವಣೆ ಹೊಲವಿತ್ತು. ಅದನ್ನು ಹೆಂಡತಿ ಲಕ್ಷ್ಮಕ್ಕ ನೋಡಿಕೊಳ್ಳುತ್ತಿದ್ದಳು. ಅವನದೇನಿದ್ದರೂ ಬೀಸುಬಲೆ, ಕೆರೆ, ಏರಿಯ ಮೇಲಿನ ಹೊಂಗೆಮರದ ನೆರಳು.

ಅವರಿಗೆ ಒಬ್ಬಳೇ ಮಗಳು, ಸೂರಮ್ಮ. ಈ ಕತೆ ಅವಳದು. ಅವಳಿಗೊಂದು ಅಭ್ಯಾಸವಿತ್ತು. ಯಾವುದನ್ನಾದರೂ ನೋಡಲು ಶುರುಮಾಡಿದರೆ ನೋಡುತ್ತಲೇ ಇರುತ್ತಿದ್ದಳು. ಬೆಳಗಿನ ಹೊತ್ತು ನೀರಿನಿಂದ ಏಳುವ ಹಬೆ, ಏರಿಯ ಕಲ್ಲಿನ ಮೇಲೆ ಕುಣಿಯುವ ಬಿಸಿಲಿನ ಬಲೆ, ಜಾಲಿಮರದ ಸೀಳಿನಿಂದ ಇಳಿಯುವ ಅಂಟಿನ ಹನಿ, ಹೀಗೆ ಯಾವುದಾದರೂ ಸರಿ. ನೀರಿಗೆ ಹೋದವಳು ಬಿಂದಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊತ್ತು ನೆತ್ತಿಗೆ ಬರುವವರೆಗೆ ನಿಂತಿರುತ್ತಿದ್ದಳು. ಹಟ್ಟಿಯ ಹೆಂಗಸರು ಅವಳನ್ನು "ಕಣ್ಣು ನೆಟ್ಟ ಸೂರಿ" ಎಂದು ಕರೆದು ನಗುತ್ತಿದ್ದರು. ಲಕ್ಷ್ಮಕ್ಕನಿಗೆ ಅದು ಚಿಂತೆ. ಯರ್ರಪ್ಪನಿಗೆ ಹೆಮ್ಮೆ. "ನೋಡಿದ್ರೆ ತಾನೇ ನೀರು ಮಾತಾಡೋದು" ಎನ್ನುತ್ತಿದ್ದ.

ಯರ್ರಪ್ಪ ಬಲೆ ಬೀಸುವುದನ್ನು ನೋಡಲು ಪಕ್ಕದ ಹಟ್ಟಿಯವರೂ ಬಂದು ನಿಲ್ಲುತ್ತಿದ್ದರು. ಬಲೆ ಅವನ ಭುಜದಿಂದ ಹಾರಿ, ಗಾಳಿಯಲ್ಲಿ ಒಂದು ಕ್ಷಣ ದುಂಡಗೆ ತೂಗಿ, ಸದ್ದಿಲ್ಲದೆ ನೀರಿಗೆ ಇಳಿಯುತ್ತಿತ್ತು. ಕೆರೆಗೆ ಹೊಸನೀರು ಬಂದ ವರ್ಷ ಅವನೂ ಅವನ ಜೊತೆಗಾರ ಬೊಮ್ಮಲಿಂಗಪ್ಪನೂ ಇನ್ನು ನಾಲ್ಕಾರು ಗಂಡಸರೂ ಏರಿಯ ಮೇಲೆ ಕೂತು ಒಂದು ಕೆಲಸ ಮಾಡುತ್ತಿದ್ದರು. ಮೊದಲು ಸಿಕ್ಕ ದೊಡ್ಡ ಕೊರವ ಮೀನನ್ನು ಅಲ್ಲೇ ಕೊಯ್ದು, ತೆಳ್ಳಗೆ ಸೀಳಿ, ಉಪ್ಪು ಸವರಿ, ಹುಣಿಸೆಹಣ್ಣಿನ ರಸ ಹಿಂಡಿ, ಹಸಿಹಸಿಯಾಗೇ ತಿನ್ನುವುದು. ಬಹಳ ಹಿಂದೆ ಒಂದು ಪಂತದಲ್ಲಿ ಯರ್ರಪ್ಪನೇ ಶುರುಮಾಡಿದ್ದು ಅದು. ಈಗ ಅದೊಂದು ಗಂಡಸುತನದ ಪರೀಕ್ಷೆಯಂತಾಗಿತ್ತು. ಮುಖ ಸಿಂಡರಿಸದೆ ನುಂಗಿದವನು ಗಂಡು.

"ಬೆಂಕಿ ತಾಗಿದ್ರೆ ಮೀನಿನ ರುಚಿ ಹೊಗೆ ಪಾಲು" ಎಂದು ಯರ್ರಪ್ಪ ಹೇಳುತ್ತಿದ್ದ. "ಹುಣಸೇಹುಳಿ ಐತಲ್ಲ, ಅದೇ ಬೇಯಿಸ್ತೈತೆ."

ಆ ವರ್ಷ ಶ್ರಾವಣದಲ್ಲೇ ಕೆರೆ ತುಂಬಿತು. ಒಂದು ಮುಂಜಾನೆ ಸೂರಮ್ಮ ನೀರಂಚಿನಲ್ಲಿ ನಿಂತಿದ್ದಾಗ ಜೊಂಡಿನ ಹತ್ತಿರ ನೀರು ಕೆಂಪಾಗಿ ಕಂಡಿತು. ಯಾರೋ ಕುಂಕುಮ ಚೆಲ್ಲಿದಂತೆ. ಬಗ್ಗಿ ನೋಡಿದರೆ ಅದು ಕೊರವನ ಮರಿಗಳ ಹಿಂಡು. ಅಕ್ಕಿಕಾಳಿನಷ್ಟು ಗಾತ್ರದ ನೂರಾರು ಕೆಂಪು ಮರಿಗಳು ಒಟ್ಟಿಗೆ ಮೇಲೆ ಬಂದು ಗಾಳಿ ಕುಡಿದು, ಒಟ್ಟಿಗೆ ಕೆಳಗೆ ಇಳಿಯುತ್ತಿದ್ದವು. ಅವುಗಳ ಅಡಿಯಲ್ಲಿ, ಕಪ್ಪು ಕೊರಡಿನಂತೆ, ತಾಯಿ. ಅಲುಗಾಡದೆ ಕಾಯುತ್ತಿದ್ದಳು.

ಮರಿ ಕಾಯುವ ಕೊರವನನ್ನು ಹಿಡಿಯಬಾರದು. ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಆದರೆ ಆ ದಿನ ಮಧ್ಯಾಹ್ನದವರೆಗೆ ಬಲೆಗೆ ಬರೀ ಪುಡಿಮೀನು ಬಿದ್ದಿತ್ತು, ಗಂಡಸರು ಕಾದು ಕೂತಿದ್ದರು.

"ಏನ್ಲೇ ಯರ್ರ, ಕೈ ಬಿದ್ದೋತಾ?" ಎಂದ ಬೊಮ್ಮಲಿಂಗಪ್ಪ. "ಅಗೋ ಅಲ್ಲೈತೆ ನೋಡು, ಮೊಳಕೈ ಉದ್ದದ್ದು. ನಿನಗೇನು ಭಯವಾ?"

ಯರ್ರಪ್ಪ ಜೊಂಡಿನ ಕಡೆ ನೋಡಿದ. ಆಮೇಲೆ ಬಲೆಯನ್ನು ಭುಜಕ್ಕೇರಿಸಿದ.

ಸೂರಮ್ಮ "ಅಪ್ಪಾ" ಎಂದಳು. ಅಷ್ಟರಲ್ಲಿ ಬಲೆ ಹಾರಿತ್ತು.

ಗಂಡಸರು ತಿಂದು, ಕೈ ತೊಳೆದು, ನಗುತ್ತ ಹೋದರು. ಸೂರಮ್ಮ ಹೋಗಲಿಲ್ಲ. ಕೆಂಪು ಮರಿಗಳು ಅದೇ ಜಾಗದಲ್ಲಿ ಸುತ್ತುತ್ತಿದ್ದವು. ಮೇಲೆ ಬರುತ್ತಿದ್ದವು, ಇಳಿಯುತ್ತಿದ್ದವು, ಮತ್ತೆ ಮೇಲೆ ಬರುತ್ತಿದ್ದವು. ಮಾರನೆಯ ದಿನ ಹಿಂಡು ಅರ್ಧವಾಗಿತ್ತು. ಮೂರನೆಯ ದಿನ ಅಲ್ಲಿ ಬರೀ ನೀರಿತ್ತು.

ತಿಂಗಳು ಕಳೆದಿರಬೇಕು. ಯರ್ರಪ್ಪನಿಗೆ ಸಣ್ಣಗೆ ಜ್ವರ ಬಂತು, ಹೊಟ್ಟೆ ಹಿಂಡಿತು, ಹೋಯಿತು. ಆಮೇಲೆ ಬಲ ಪಕ್ಕೆಯಲ್ಲಿ ಅಂಗೈಯಗಲದ ಒಂದು ಬಾವು ಎದ್ದಿತು. ಕೆಂಪಗೆ, ಬೆಚ್ಚಗೆ, ತುರಿಸುವ ಬಾವು. ಲಕ್ಷ್ಮಕ್ಕ ಅರಿಶಿನ ಅರೆದು ಹಚ್ಚಿದಳು. ನಾಲ್ಕು ದಿನಕ್ಕೆ ಇಳಿಯಿತು. ಎಲ್ಲರೂ ಮರೆತರು. ಒಂದು ವಾರದ ಮೇಲೆ ಅದೇ ಬಾವು ಬೆನ್ನಿನ ಮೇಲೆ ಎದ್ದಿತು. ಅಲ್ಲಿ ಇಳಿದು ಭುಜಕ್ಕೆ ಬಂತು. ಭುಜದಿಂದ ಕುತ್ತಿಗೆಗೆ.

ಮೊಳಕಾಲ್ಮೂರಿನಲ್ಲಿ ನಾರುಹುಣ್ಣಿಗೆ ಔಷಧ ಕೊಡುವ ಒಬ್ಬ ಪಂಡಿತನಿದ್ದ. ಬಾವಿಯ ನೀರಿನಿಂದ ಬರುವ ನಾರುಹುಳ ಆ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಕಾಲಲ್ಲಿ ಗುಳ್ಳೆ ಎದ್ದು ಒಡೆದು ದಾರದಂತೆ ಹೊರಬರುತ್ತಿತ್ತು. ಪಂಡಿತ ಯರ್ರಪ್ಪನ ಮೈಯನ್ನೆಲ್ಲ ಮುಟ್ಟಿ ನೋಡಿ ತಲೆಯಾಡಿಸಿದ. "ನಾರು ಹಿಂಗೆ ಊರು ತಿರುಗಲ್ಲಪ್ಪ. ಇದು ನನಗೆ ತಿಳಿಯದು" ಎಂದ.

ವಾಪಸು ಬರುವಾಗ ಬಂಡೆಯ ಮೇಲೆ ಕೂತು ಯರ್ರಪ್ಪ ಜೊತೆಗೆ ಬಂದಿದ್ದ ಮಗಳಿಗೆ ಮೊದಲ ಸಲ ಬಾಯಿಬಿಟ್ಟು ಹೇಳಿದ.

"ನನಗೆ ತಿಳೀತೈತೆ ಸೂರಿ. ಅವಳು ಹುಡುಕ್ತಾ ಅವಳೆ."

"ಯಾರಪ್ಪ?"

"ಆ ಕೊರವ. ತಾಯಿ. ಮರಿ ಎಲ್ಲಿ ಅಂತ ನನ್ನ ಮೈಯಾಗೆಲ್ಲ ಈಜ್ತಾ ಅವಳೆ. ಪಕ್ಕೆಗೆ ಬಂದು ನೋಡ್ತಾಳೆ, ಇಲ್ಲ. ಬೆನ್ನಿಗೆ ಬಂದು ನೋಡ್ತಾಳೆ, ಇಲ್ಲ. ಕಣ್ಣು ಮುಚ್ಚಿದ್ರೆ ನನಗೂ ನೀರೇ ಕಾಣ್ತೈತೆ. ಹಸಿರು ನೀರು. ಜೊಂಡು. ಅವಳ ಕಣ್ಣಿಂದಾನೇ ನಾನು ನೋಡ್ತಿದೀನೇನೋ ಅನ್ನಿಸ್ತೈತೆ."

ಸೂರಮ್ಮನಿಗೂ ಅದು ಸುಳ್ಳೆನಿಸಲಿಲ್ಲ. ಅಪ್ಪನ ಪಕ್ಕ ಮಲಗಿದಾಗ ಅವನ ಉಸಿರಿನಲ್ಲಿ ನೀರು ಜೊಂಡಿಗೆ ತಾಗುವ ಸದ್ದು ಕೇಳಿದಂತಾಗುತ್ತಿತ್ತು. ಯರ್ರಪ್ಪ ಕೆರೆಗೆ ಹೋಗಿ ಅರಿಶಿನ ಕುಂಕುಮ ಬಿಟ್ಟು, ಮೊಣಕಾಲುದ್ದ ನೀರಿನಲ್ಲಿ ನಿಂತು ಕೈಮುಗಿದು ತಪ್ಪಾಯಿತೆಂದ. ಬಲೆಯನ್ನು ಮಡಿಸಿ ಅಟ್ಟಕ್ಕೆ ಹಾಕಿದ. ಮೀನಿನ ಸಾರಿನ ವಾಸನೆ ಬಂದರೂ ಎದ್ದು ಹೊರಗೆ ಹೋಗುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಬಾವು ಕೆನ್ನೆಗೆ ಬಂತು, ಕೆನ್ನೆಯಿಂದ ಎಡಗಣ್ಣಿನ ರೆಪ್ಪೆಗೆ. ಕಣ್ಣು ರಕ್ತದಂತೆ ಕೆಂಪಾಗಿ, ಮುಚ್ಚಿಕೊಂಡು, ಎಂಟು ದಿನ ನೋವಿನಲ್ಲಿ ಅವನು ಗೋಡೆಗೆ ತಲೆ ಆನಿಸಿ ಕೂತೇ ಇದ್ದ. ಒಂಬತ್ತನೆಯ ದಿನ ರೆಪ್ಪೆ ತೆರೆದಾಗ ಆ ಕಣ್ಣಿಗೆ ಬೆಳಕು ಕತ್ತಲೆಯಷ್ಟೇ ಗೊತ್ತಾಗುತ್ತಿತ್ತು. ಮಗಳ ಮುಖ ಕಾಣುತ್ತಿರಲಿಲ್ಲ.

"ಒಂದು ಕಣ್ಣು ಈಸ್ಕೊಂಡಳು" ಎಂದ, ಮೆಲ್ಲಗೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಲ್ಲಬೇಕಾದ್ದು ಸಂದಿತು ಎಂಬಂತಿತ್ತು. ಅದರಿಂದಲೇ ಸೂರಮ್ಮನಿಗೆ ಹೆಚ್ಚು ಸಂಕಟವಾಯಿತು.

ಬೇಸಿಗೆ ಬಂತು. ಬಾವು ಕಣ್ಣಿನಿಂದ ಇಳಿದು ಕುತ್ತಿಗೆ ದಾಟಿ ಎಡಗೈಗೆ ಬಂದಿತ್ತು. ಒಂದು ಮಧ್ಯಾಹ್ನ ಯರ್ರಪ್ಪ ಬೇವಿನ ನೆರಳಲ್ಲಿ ಮಲಗಿದ್ದ. ಸೂರಮ್ಮ ಪಕ್ಕದಲ್ಲಿ ಕೂತು ಅವನ ಮುಂಗೈಯನ್ನು ನೋಡುತ್ತಿದ್ದಳು. ಮಣಿಕಟ್ಟಿನ ಮೇಲೆ ಚರ್ಮದಡಿಯಲ್ಲಿ ಒಂದು ಕೆಂಪುಗೆರೆ ಎದ್ದಿತ್ತು. ಬೆಳಿಗ್ಗೆ ನೋಡಿದಾಗ ಅದು ಬೆರಳುದ್ದವಿತ್ತು. ಈಗ ಇನ್ನಷ್ಟು ಉದ್ದವಾಗಿತ್ತು. ಅವಳು ಕದಲದೆ ಕೂತಳು. ನೆರಳು ಒಂದು ಮಾರು ಸರಿಯಿತು. ಗೆರೆಯ ತುದಿಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದು, ಅದರೊಳಗೆ ಏನೋ ಮಿಸುಕಿತು.

ಅವಳು ಕೂಗಲಿಲ್ಲ. ಒಂದು ಜಾಲಿಮುಳ್ಳು ಮುರಿದು ತಂದು, ಅಪ್ಪನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಗುಳ್ಳೆಯನ್ನು ಬಿಡಿಸಿದಳು. ಮುಳ್ಳಿನ ತುದಿಗೆ ಅದು ಬಂತು. ಕಿರುಬೆರಳಿನ ಉಗುರಿನಷ್ಟೂ ಉದ್ದವಿಲ್ಲದ, ತಲೆ ದಪ್ಪಗಿದ್ದ, ಕೆಂಪು ಬಿಳುಪಿನ ಒಂದು ಹುಳ. ಮುಳ್ಳಿಗೆ ಸುತ್ತಿಕೊಂಡು ಬಿಸಿಲಿನಲ್ಲಿ ಹೊರಳುತ್ತಿತ್ತು.

"ಅಪ್ಪಾ, ಏಳು. ನೋಡು."

ಯರ್ರಪ್ಪ ಒಂಟಿಕಣ್ಣನ್ನು ಹತ್ತಿರ ತಂದು ಬಹಳ ಹೊತ್ತು ನೋಡಿದ. "ಇಷ್ಟೇನಾ?" ಎಂದ. ಆಮೇಲೆ ಮಗುವಿನಂತೆ ಅತ್ತ. ಆದರೂ ಅವನ ಮನಸ್ಸು ಬಿಡಲಿಲ್ಲ. "ಹಿಂಗಾಗಿ ಬಂದಳಾ ಅವಳು? ಇಷ್ಟು ಸಣ್ಣಗಾಗಿ?"

ಬಾವು ಮತ್ತೆ ಏಳಲಿಲ್ಲ. ಸೂರಮ್ಮನಿಗೆ ಆ ದಿನದಿಂದ ಒಂದೇ ಯೋಚನೆ ಹಿಡಿಯಿತು. ಹುಳ ಹೊರಗಿಂದ ಬಂದದ್ದಾದರೆ ಎಲ್ಲಿಂದ? ಅಪ್ಪ ತಿಂದ ಹಸಿಮೀನು ನೆನಪಾಯಿತು. ಬೇಸಿಗೆಯಲ್ಲಿ ಕೆರೆ ಇಳಿದು ಮಡುವಾಗಿತ್ತು, ಕೊರವ ಮೀನು ಸುಲಭವಾಗಿ ಸಿಗುತ್ತಿತ್ತು. ಬೊಮ್ಮಲಿಂಗಪ್ಪನ ಮನೆಗೆ ಹೋಗಿ "ಮಾವ, ಮೀನು ನಾನು ಹಸನು ಮಾಡಿಕೊಡ್ತೀನಿ" ಎಂದು ಕೇಳಿದಳು. ಅವನ ಹೆಂಡತಿ ಹುಚ್ಚಕ್ಕನಿಗೆ ಸಂತೋಷವೇ ಆಯಿತು. ಸೂರಮ್ಮ ಒಂದೊಂದು ಮೀನನ್ನೂ ಮನೆಗೆ ತಂದು ಸೀಳಿ, ತುಂಡನ್ನು ಎಲೆಯಷ್ಟು ತೆಳ್ಳಗೆ ಕೊಯ್ದು, ಬಿಸಿಲಿಗೆ ಎತ್ತಿ ಹಿಡಿಯುತ್ತಿದ್ದಳು. ಹಸಿಮೀನು ಬೆಳಕನ್ನು ಒಳಗೆ ಬಿಡುತ್ತದೆ. ಜಾಲಿಯ ಅಂಟಿನಂತೆ, ನಸುಹಳದಿ, ಅದರ ಹಿಂದೆ ಹಿಡಿದ ಬೆರಳೂ ಮಸುಕಾಗಿ ಕಾಣುತ್ತದೆ. ಆ ಬೆಳಕಿನೊಳಗೆ ಅವಳು ಗಳಿಗೆಗಟ್ಟಲೆ ಇಳಿದುಹೋಗುತ್ತಿದ್ದಳು. ಎಳೆಎಳೆಯಾದ ಮಾಂಸ ಉತ್ತ ಹೊಲದ ಸಾಲಿನಂತೆ ಕಾಣುತ್ತಿತ್ತು. ಏನೂ ಇರಲಿಲ್ಲ. ಹತ್ತು ಮೀನು ನೋಡಿದಳು, ಏನೂ ಸಿಗಲಿಲ್ಲ.

"ಮೀನು ಕೊಯ್ಯಾಕೆ ಒಂದು ದಿನ ಬೇಕೇನೇ ನಿನಗೆ?" ಎಂದು ಲಕ್ಷ್ಮಕ್ಕ ಗದರಿದಳು.

ಹನ್ನೊಂದನೆಯದರಲ್ಲಿ ಸಿಕ್ಕಿತು. ಬೆನ್ನಿನ ಮಾಂಸದ ನಡುವೆ ರಾಗಿಕಾಳಿನಷ್ಟು ಒಂದು ಚುಕ್ಕೆ. ಉಗುರಿನಿಂದ ಬಿಡಿಸಿದರೆ ತೆಳ್ಳನೆಯ ಚೀಲ, ಅದರೊಳಗೆ ಸುರುಳಿ ಸುತ್ತಿಕೊಂಡು ಮಲಗಿದ ಮರಿಹುಳ. ಅಪ್ಪನ ಕೈಯಿಂದ ಬಂದದ್ದಕ್ಕಿಂತ ಚಿಕ್ಕದು, ಆದರೆ ಅದೇ ದಪ್ಪ ತಲೆ.

ಅವಳು ಅಪ್ಪನನ್ನು ಕರೆಯುವ ಮೊದಲು ಆ ಮೀನನ್ನೆಲ್ಲ ಜಾಲಾಡಿ ಇನ್ನೂ ಎರಡು ತೆಗೆದಳು. ಆಮೇಲೆ ಮೂರು ತೆಂಗಿನ ಚಿಪ್ಪು ಇಟ್ಟಳು. ಒಂದರಲ್ಲಿ ಉಪ್ಪು ಕದಡಿದ ನೀರು. ಇನ್ನೊಂದರಲ್ಲಿ ಗಟ್ಟಿ ಹುಣಿಸೆರಸ. ಮೂರನೆಯದನ್ನು ಬರಿದಾಗಿ ಬಿಟ್ಟು ಒಲೆಯ ಮೇಲೆ ನೀರಿಟ್ಟಳು. ಯರ್ರಪ್ಪ ಬಂದು ಕುಕ್ಕರುಗಾಲಲ್ಲಿ ಕೂತ. ಉಪ್ಪಿನಲ್ಲಿ ಬಿಟ್ಟ ಹುಳ ಸುರುಳಿ ಬಿಚ್ಚಿ ಹೊರಳಿತು. ಹುಣಿಸೆರಸದಲ್ಲಿ ಬಿಟ್ಟದ್ದೂ ಹೊರಳಿತು. ಅಪ್ಪ ಮಗಳು ನೋಡುತ್ತ ಕೂತರು. ಎಮ್ಮೆಗಳು ಮಡುವಿಗೆ ಹೋದವು, ವಾಪಸು ಬಂದವು. ಎರಡೂ ಹುಳಗಳು ಇನ್ನೂ ಮಿಸುಕುತ್ತಿದ್ದವು.

"ಹುಳಿ ಬೇಯಿಸ್ತೈತೆ ಅಂತಿದ್ನಲ್ಲ ನಾನು" ಎಂದ ಯರ್ರಪ್ಪ.

ಸೂರಮ್ಮ ಮೂರನೆಯ ಚಿಪ್ಪಿಗೆ ಕೊತಕೊತ ಕುದಿಯುವ ನೀರು ಹುಯ್ದು ಉಳಿದ ಹುಳವನ್ನು ಅದಕ್ಕೆ ಬಿಟ್ಟಳು. ಅದು ಒಮ್ಮೆ ಚಾಚಿಕೊಂಡಿತು. ಬಿಳುಪಾಯಿತು. ಮತ್ತೆ ಅಲುಗಲಿಲ್ಲ.

"ಅಪ್ಪಾ, ನಿನ್ನ ಮೈಯಾಗೆ ತಿರುಗಿದ್ದು ಅವಳಲ್ಲ" ಎಂದಳು. "ಅವಳ ಮೈಯಾಗೂ ಇದೇ ಸೇರ್ಕೊಂಡಿತ್ತು. ಪಾಪ, ಅವಳಿಗೂ ಗೊತ್ತಿರ್ಲಿಲ್ಲ."

ಯರ್ರಪ್ಪ ಮೂರನೆಯ ಚಿಪ್ಪಿನ ಕಡೆ ಬಗ್ಗಿದ. "ಮರಿ ತಬ್ಬಲಿ ಮಾಡಿದ್ದು ತಪ್ಪಲ್ವೇನವ್ವ?"

"ತಪ್ಪೇ. ಅದಕ್ಕೆ ನೀನು ಕೈ ಮುಗಿದಿ. ಆದ್ರೆ ಕಣ್ಣು ತಿಂದಿದ್ದು ಶಾಪ ಅಲ್ಲ, ಹುಳ. ಹಸೀದು ತಿಂದಿದ್ದಕ್ಕೆ ಬಂತು."

ಆ ದಿನ ಯರ್ರಪ್ಪ ಗೋಡೆಗೆ ಒರಗಿದವನು ಸಂಜೆಗೇ ನಿದ್ದೆಹೋದ. ಎಷ್ಟೋ ತಿಂಗಳ ಮೇಲೆ ಅವನ ಹುಬ್ಬಿನ ನಡುವಿನ ಗಂಟು ಬಿಚ್ಚಿಕೊಂಡಿದ್ದನ್ನು ಲಕ್ಷ್ಮಕ್ಕ ನೋಡಿದಳು. ಮಗಳ ತಲೆಯ ಮೇಲೆ ಸುಮ್ಮನೆ ಕೈಯಿಟ್ಟು ಒಳಗೆ ಹೋದಳು.

ಆದರೂ ಅವನು ಮೀನು ಮುಟ್ಟಲಿಲ್ಲ. ಭಯಕ್ಕಲ್ಲ. ಲಕ್ಷ್ಮಕ್ಕ ಮೀನು ಬೇಯಿಸುವ ರೀತಿಗೆ. ಅವಳು ಸಾರನ್ನು ಒಲೆಗಿಟ್ಟು ಹೊಲಕ್ಕೆ ಹೋಗಿ ಬರುತ್ತಿದ್ದಳು. ಅಷ್ಟರಲ್ಲಿ ಮೀನು ನಾರುನಾರಾಗಿ ಮುದುಡಿರುತ್ತಿತ್ತು. "ಇದನ್ನ ತಿನ್ನೋದಕ್ಕಿಂತ ಹಗ್ಗ ಅಗಿಯಬೋದು" ಎನ್ನುತ್ತಿದ್ದ ಯರ್ರಪ್ಪ. ಹಾಗೆಂದು ಎದ್ದು ಹೋಗುವಾಗ ಅವನ ಕಣ್ಣು ಒಮ್ಮೆ ಮಡಕೆಯ ಕಡೆ ಹೊರಳುತ್ತಿದ್ದುದನ್ನು ಸೂರಮ್ಮ ಕಂಡಿದ್ದಳು. ಹಸಿಮೀನಿನ ಆ ಮೃದು, ಆ ಸಿಹಿ ಅವನ ನಾಲಿಗೆ ಮರೆತಿರಲಿಲ್ಲ.

ಹಸಿಗೂ ಹಗ್ಗಕ್ಕೂ ನಡುವೆ ಒಂದು ಜಾಗ ಇರಲೇಬೇಕು ಎಂದು ಅವಳಿಗೆ ಅನಿಸಿತು. ಅದನ್ನು ಹುಡುಕಲು ಹೊರಟಳು. ಮಣ್ಣಿನ ಮಡಕೆಯಲ್ಲಿ ನೀರು, ಉಪ್ಪು, ಹುಣಿಸೆ, ಜಜ್ಜಿದ ಮೆಣಸು, ಬೆಳ್ಳುಳ್ಳಿ ಹಾಕಿ ಕುದಿಸುವಳು. ಮೀನನ್ನು ಎಲೆಯಂತೆ ತೆಳ್ಳಗೆ ಕೊಯ್ದು, ಒಂದೊಂದೇ ತುಂಡನ್ನು ಕುದಿಯುವ ಸಾರಿಗೆ ಬಿಡುವಳು. ಮೊದಲು ಅಂಚು ಬಿಳಿಯಾಗುತ್ತಿತ್ತು. ಆಮೇಲೆ ಆ ಬಿಳುಪು ಕೆರೆಯ ಮೇಲೆ ಮೋಡದ ನೆರಳು ಸರಿದಂತೆ ಒಳಕ್ಕೆ ಸರಿಯುತ್ತಿತ್ತು. ನಡುವೆ ಮಾತ್ರ ಇನ್ನೂ ಜಾಲಿಯಂಟಿನ ಬಣ್ಣ. ಅದು ಕುಗ್ಗಿ, ಕಡಲೆಯಷ್ಟಾಗಿ, ಸಾಸಿವೆಯಷ್ಟಾಗಿ, ಇಲ್ಲವಾಗುತ್ತಿತ್ತು. ತುಂಡೆಲ್ಲ ಹಾಲು. ಮುಳ್ಳು ತಾನಾಗಿ ಮಾಂಸ ಬಿಡುತ್ತಿತ್ತು, ಎಳೆಗಳು ಬೆರಳಿಗೆ ಪದರಪದರವಾಗಿ ಬಿಚ್ಚುತ್ತಿದ್ದವು. ಆದರೂ ಕೂಡಲೇ ಇಳಿಸುತ್ತಿರಲಿಲ್ಲ. ಮನೆದೇವರುಗಳನ್ನೆಲ್ಲ ಒಂದು ಸುತ್ತು ನೆನೆಯುವಷ್ಟು ಹೊತ್ತು ಕುದಿಯಲು ಬಿಟ್ಟು, ಎಲ್ಲಕ್ಕಿಂತ ದಪ್ಪಗಿನ ತುಂಡನ್ನು ಮುರಿದು ನಡುವನ್ನು ನೋಡಿ, ಆಮೇಲೆ ಇಳಿಸುವಳು. ಹಸಿಮೀನು ಕೊಯ್ದ ಕುಡುಗೋಲು, ಮಣೆ, ತನ್ನ ಕೈ, ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆಯದೆ ಬೆಂದದ್ದನ್ನು ಮುಟ್ಟುತ್ತಿರಲಿಲ್ಲ.

ಮೊದಲ ದಿನ ಯರ್ರಪ್ಪ ಒಂದು ತುಂಡನ್ನು ನಾಲಿಗೆಯ ಮೇಲಿಟ್ಟುಕೊಂಡು ಹಾಗೇ ಕೂತ. ಅದು ತಾನಾಗಿ ಕರಗಿತು.

"ಇದು ಹಸೀದೇನೇ?" ಎಂದ, ಹೆದರಿ.

"ಅಲ್ಲಪ್ಪ. ಬೆಂದೈತೆ. ಎಷ್ಟು ಬೇಕೋ ಅಷ್ಟು."

ಅವನು ಇನ್ನೊಂದು ತುಂಡು ಕೇಳಿದ. ಅದೇ ವಾರ ಅಟ್ಟದಿಂದ ಬಲೆ ಇಳಿಸಿ, ಇಲಿ ಕಡಿದ ಕಡೆ ಹೆಣೆಯಲು ಕೂತ.

ಆ ವರ್ಷ ಕೆರೆಗೆ ಹೊಸನೀರು ಬರಲಿಲ್ಲ. ಮಾಗಿಯಲ್ಲಿ ಸೂರಮ್ಮನ ಮದುವೆಯಾಯಿತು. ಗಂಡ ಗಾದ್ರಪ್ಪ, ತಳಕಿನ ಕಡೆಯ ಹುಡುಗ, ಲಕ್ಷ್ಮಕ್ಕನ ಅಣ್ಣನ ಮಗ. ಮೆತ್ತನೆಯ ಮನುಷ್ಯ, ಮಾತಿಗಿಂತ ಮೊದಲು ಕಿವಿ ಕೆಂಪಾಗುತ್ತಿತ್ತು. ಯರ್ರಪ್ಪನಿಗೆ ಒಂಟಿಕಣ್ಣು, ಹೊಲಕ್ಕೆ ಗಂಡಾಳಿಲ್ಲ ಎಂದು ಅಳಿಯ ಇವರ ಮನೆಯಲ್ಲೇ ನಿಂತ.

ಮುಂದಿನ ಮಳೆಗಾಲ ಕೆರೆಗೆ ಮತ್ತೆ ಹೊಸನೀರು ಬಂತು. ಮೊದಲ ದೊಡ್ಡ ಕೊರವ ಬೊಮ್ಮಲಿಂಗಪ್ಪನ ಬಲೆಗೆ ಬಿತ್ತು. ಏರಿಯ ಮೇಲೆ ಗಂಡಸರು ಸೇರಿದರು. ಅವತ್ತು ಗಾಳಿಯಿರಲಿಲ್ಲ. ಕೆರೆ ಆಕಾಶವನ್ನು ಹೊದ್ದು ಮಲಗಿದಂತಿತ್ತು; ಮಾತಾಡಿದರೆ ಎದ್ದೀತೇನೋ ಎಂಬಂತೆ ಎಲ್ಲರೂ ತಗ್ಗಿದ ದನಿಯಲ್ಲೇ ಮಾತಾಡುತ್ತಿದ್ದರು. ಬೊಮ್ಮಲಿಂಗಪ್ಪ ಮೀನನ್ನು ಕೊಯ್ದು, ಉಪ್ಪು ಹುಳಿ ಸವರಿ, ಮುತ್ತುಗದ ಎಲೆಯ ಮೇಲಿಟ್ಟು ಗಾದ್ರಪ್ಪನ ಮುಂದೆ ಚಾಚಿದ.

"ಹೊಸ ಅಳಿಯ. ಮೊದಲ ತುತ್ತು ನಿಂದೇ. ಮಾರಿ ಸಿಂಡರಿಸಬಾರ್ದು ಮತ್ತೆ."

ಗಾದ್ರಪ್ಪನ ಕಿವಿ ಕೆಂಪಾಯಿತು. ಸುತ್ತ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಒಂದು ಚೂರನ್ನು ಬೆರಳಿಗೆ ತೆಗೆದುಕೊಂಡ. ಸೂರಮ್ಮ ಬುತ್ತಿ ತಂದವಳು ಇಪ್ಪತ್ತು ಹೆಜ್ಜೆ ಆಚೆ ನಿಂತಿದ್ದಳು. ಗಂಡಸರ ನಡುವೆ ನುಗ್ಗಿ ಗಂಡನ ಕೈ ಹಿಡಿಯುವುದು ಅವಳಿಂದಾಗದ ಮಾತು.

"ಲೇ, ಬಿಡು ಅದನ್ನ."

ಯರ್ರಪ್ಪ ಎದ್ದು ನಿಂತಿದ್ದ. ಕಣ್ಣು ಹೋದಮೇಲೆ ಅವನು ಗುಂಪಿನಲ್ಲಿ ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಅಳಿಯನ ಬೆರಳಿನಿಂದ ಆ ಚೂರನ್ನು ತೆಗೆದು ಎಲೆಗೆ ಹಾಕಿದ.

"ಇದನ್ನ ಶುರುಮಾಡ್ದೋನು ನಾನು. ನಾನೇ ನಿಲ್ಲಿಸ್ತೀನಿ" ಎಂದ. "ನನ್ನ ಕಣ್ಣು ಶಾಪಕ್ಕೆ ಹೋತು ಅಂತ ನೀವೆಲ್ಲ ತಿಳಿದೀರಿ. ನಾನೂ ಹಂಗೇ ತಿಳಿದಿದ್ದೆ. ಹುಳ ಕಣ್ರಪ್ಪ. ಇಂಥ ಮೀನಿನ ಮಾಂಸದಾಗೆ ರಾಗಿಕಾಳಿನಷ್ಟು ಗಾತ್ರ ಮಲಗಿರ್ತೈತೆ. ಉಪ್ಪಿಗೆ ಸಾಯಲ್ಲ, ಹುಳಿಗೆ ಸಾಯಲ್ಲ. ನನ್ನ ಮಗಳು ತೋರಿಸಿದಳು, ಈ ಕಣ್ಣಿಂದ ನೋಡಿದೀನಿ." ಅವನು ಉಳಿದಿದ್ದ ಕಣ್ಣನ್ನು ಮುಟ್ಟಿ ತೋರಿಸಿದ.

ಬೊಮ್ಮಲಿಂಗಪ್ಪನಿಗೆ ಅವಮಾನವಾದಂತಾಯಿತು. "ಅವತ್ತು ನಾನೂ ತಿಂದೆನಲ್ಲೋ ಯರ್ರ. ಅದೇ ಮೀನು, ಅದೇ ಎಲೆ. ನನಗೇನಾತು?"

"ನಿನ್ನ ತುತ್ತಿನಾಗೆ ಇರ್ಲಿಲ್ಲ. ನನ್ನದ್ರಾಗೆ ಇತ್ತು. ಎಲ್ಲಾದ್ರಾಗೂ ಇರಲ್ಲಪ್ಪ, ಹನ್ನೊಂದು ಮೀನು ಕೊಯ್ದಳು, ಒಂದ್ರಾಗೆ ಸಿಕ್ತು. ಯಾವುದ್ರಾಗೆ ಐತೆ ಅಂತ ತುತ್ತು ಎತ್ತೋವಾಗ ನಿನಗೆ ಗೊತ್ತಾಗ್ತೈತಾ?"

ದೂರದಲ್ಲಿ ಒಂದು ಕೊಕ್ಕರೆ ಎದ್ದು ನೀರಿನ ಮೇಲೆ ತನ್ನ ನೆರಳನ್ನು ಎಳೆದುಕೊಂಡು ಹೋಯಿತು. ಬೊಮ್ಮಲಿಂಗಪ್ಪ ಎಲೆಯನ್ನು ನೋಡಿದ, ಯರ್ರಪ್ಪನ ಮಾಸಿದ ಕಣ್ಣನ್ನು ನೋಡಿದ. ಆ ದಿನ ಬಲೆ ಬೀಸಲು ಕೆಣಕಿದ್ದು ತಾನೇ ಎಂಬುದು ಅವನಿಗೆ ನೆನಪಾಗಿರಬೇಕು. ಮುಖ ಕೆಳಗೆ ಹಾಕಿದ.

"ಹಂಗಾದ್ರೆ ಇದನ್ನೇನು ಮಾಡಾಣ? ನಾಯಿಗೆ ಹಾಕಾಣ್ವಾ?"

"ನನ್ನ ಮಗಳ ಕೈಗೆ ಕೊಡು" ಎಂದ ಯರ್ರಪ್ಪ.

ಮೂರು ಕಲ್ಲಿಟ್ಟು ಒಲೆ ಹೂಡಿದರು. ಸೂರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಳು. ಗಂಡಸರ ಗುಂಪಿನ ನಡುವೆ ಹಾಗೆ ಕೂತದ್ದು ಅದೇ ಮೊದಲು. ಸಾರು ಮರಳತೊಡಗಿದ ಮೇಲೆ ಮಾತ್ರ ಅವಳಿಗೆ ಸುತ್ತಲಿನವರು ಮರೆತುಹೋದರು. ತುಂಡುಗಳು ಇಳಿದವು. ಬಿಳುಪು ಅಂಚಿನಿಂದ ಒಳಗೆ ನಡೆಯಿತು. ಗಂಡಸರೂ ಒಬ್ಬೊಬ್ಬರೇ ಬಗ್ಗಿ ನೋಡತೊಡಗಿದರು. ಹತ್ತು ತಲೆಗಳು ಒಂದು ಮಡಕೆಯ ಮೇಲೆ, ಹಬೆಯಲ್ಲಿ.

"ಆತೇನವ್ವ?" ಎಂದ ಬೊಮ್ಮಲಿಂಗಪ್ಪ.

"ಇಲ್ಲ ಮಾವ. ನಡುವೆ ಇನ್ನೂ ಅಂಟಿನ ಬಣ್ಣ ಐತೆ, ನೋಡ್ರಿ."

"ಈಗ?"

"ಹಾಲಾತು. ಇನ್ನೊಂದು ಗಳಿಗೆ ತಡೀರಿ."

ಮೊದಲ ತುತ್ತು ಗಾದ್ರಪ್ಪನಿಗೇ ಬಂತು. ತಿಂದು, ಹೆಂಡತಿಯ ಕಡೆ ನೋಡಿ, ಮತ್ತೆ ಎಲೆ ಚಾಚಿದ. ಗಂಡಸರು ನಕ್ಕರು. ಬೊಮ್ಮಲಿಂಗಪ್ಪ ತಿಂದು ಬಹಳ ಹೊತ್ತು ಬಾಯಾಡಿಸುತ್ತ ಕೂತ. ಆಮೇಲೆ, "ಹಸೀದಕ್ಕಿಂತ ಚೆನ್ನಾಗೈತೆ ಅಂತ ಒಪ್ಕೊಂಬೇಕಾ ನಾನು?" ಎಂದ.

"ನಿನಗೆ ಬಿಟ್ಟಿದ್ದು" ಎಂದ ಯರ್ರಪ್ಪ.

"ಚೆನ್ನಾಗೈತೆ" ಎಂದ ಅವನು.

ಅಲ್ಲಿಂದ ಮುಂದೆ ಆ ಏರಿಯ ಮೇಲೆ ಯಾರೂ ಹಸಿಮೀನು ತಿನ್ನಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಇಬ್ಬರು ಮೂವರು ಮರೆಯಲ್ಲಿ ತಿಂದರು, ತಿಂದು ಹೇಳಿಕೊಂಡರು. ಆದರೆ ಪಂತ ನಿಂತಿತು. ಹುಚ್ಚಕ್ಕ ಒಂದು ಸಂಜೆ ಬಂದು ಸೂರಮ್ಮನ ಒಲೆಯ ಮುಂದೆ ಕೂತು ಕಲಿತುಹೋದಳು. ಅವಳಿಂದ ಪಕ್ಕದ ಹಟ್ಟಿಯವರು ಕಲಿತರು. ಸೊಸೆಯರು ತವರಿಗೆ ಹೋದಾಗ ಅಲ್ಲಿಯೂ ಹೇಳಿದರು. ಹೇಳುವಾಗ ಒಬ್ಬೊಬ್ಬರು ಒಂದೊಂದು ಸೇರಿಸಿದರು: ಒಬ್ಬರು ಕೊತ್ತಂಬರಿ, ಒಬ್ಬರು ಹುರಿದ ನವಣೆ ಹಿಟ್ಟು. ತುಂಡಿನ ನಡುವನ್ನು ಮುರಿದು ನೋಡುವುದನ್ನು ಮಾತ್ರ ಯಾರೂ ಬಿಡಲಿಲ್ಲ.

ಸೂರಮ್ಮನಿಗೆ ಮೂವರು ಹೆಣ್ಣುಮಕ್ಕಳಾದರು. ಅವಳ ನೋಡುವ ಅಭ್ಯಾಸ ಹೋಗಲಿಲ್ಲ. ಗಾದ್ರಪ್ಪನೂ ಅದಕ್ಕೆ ಹೊಂದಿಕೊಂಡ. ಹೆಂಡತಿ ನೀರಿಗೆ ಹೋದವಳು ಬರಲಿಲ್ಲವೆಂದರೆ ತಾನೇ ಇನ್ನೊಂದು ಬಿಂದಿಗೆ ಹಿಡಿದು ಹೋಗಿ ಅವಳ ಪಕ್ಕದಲ್ಲಿ ನಿಲ್ಲುತ್ತಿದ್ದ. ಯರ್ರಪ್ಪನ ಕಣ್ಣು ತಿರುಗಿ ಬರಲಿಲ್ಲ. ಒಂಟಿಕಣ್ಣಿಗೆ ದೂರದ ಅಳತೆ ಸಿಗದೆ ಮೊದಮೊದಲು ಬಲೆ ಓರೆಯಾಗಿ ಬೀಳುತ್ತಿತ್ತು. ಆಮೇಲಾಮೇಲೆ ಅವನು ನೋಡುವುದನ್ನೇ ಬಿಟ್ಟು, ನೀರಿನ ಸದ್ದು ಕೇಳಿ ಬೀಸಲು ಕಲಿತ.

ಅವನು ಮುಪ್ಪಾದ ಮೇಲೆ ಒಂದು ಬೆಳಿಗ್ಗೆ, ಎದೆಮಟ್ಟ ಮಂಜಿನಲ್ಲಿ, ಏರಿಯ ಮೇಲೆ ಮಗಳ ಜೊತೆ ಕೂತಿದ್ದ. ಕೆಳಗೆ ಗಾದ್ರಪ್ಪ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಯರ್ರಪ್ಪ ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದ.

"ಅವತ್ತು ನನ್ನ ಕೈ ನೋಡ್ತಾ ಕೂತಿದ್ಯಲ್ಲ ಸೂರಿ, ನಿನಗೆ ಹೆದರಿಕೆ ಆಗ್ಲಿಲ್ವಾ?"

ಸೂರಮ್ಮ ಯೋಚಿಸಿದಳು. "ಆತು" ಎಂದಳು. "ಆದ್ರೂ ಕಣ್ಣು ತೆಗೆಯಾಕೆ ಮನಸು ಬರ್ಲಿಲ್ಲಪ್ಪ."

ಮಂಜು ಏರಿಯನ್ನು ದಾಟಿ ಹೊಲದ ಕಡೆ ಇಳಿಯುತ್ತಿತ್ತು. ಇಬ್ಬರೂ ಅದು ಹೋಗುವುದನ್ನು ನೋಡುತ್ತ ಕೂತರು.